ಲಕ್ಷದ್ವೀಪ ಓದೋದು ಹೇಗೆ: ಮೊದಲು ಬಾವಿ, ಆಮೇಲೆ ಹಡಗು, ಕೊನೆಗೆ ಸರ್ಕಾರ

ದೀಪಾವಳಿ ಕಳೆದ್ಮೇಲೆ ನಮ್ಮನೆ ಜಗಲಿಯಲ್ಲಿ ಸಂಜೆ ಆರರಿಂದ ಎಂಟರ ತನಕ ಏಳೆಂಟು ಮಕ್ಕಳು ಬಂದು ಕೂತ್ಕೊಳ್ತಾರೆ, ಕೆಲವರು ಪಿಡಿಓ ಪರೀಕ್ಷೆಗೆ ಓದೋರು, ಕೆಲವರು ಕೆಎಎಸ್, ಒಬ್ಬಿಬ್ರು ಹತ್ತನೇ ಕ್ಲಾಸಿನವರು. ನಾನು ಕಾರವಾರದ ಹತ್ರ ಒಂದು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡ್ತೇನೆ. ಹೋದ ವರ್ಷ ಒಬ್ಬಳು ಹುಡುಗಿ ಲಕ್ಷದ್ವೀಪದ ನೋಟ್ಸ್ ತಂದು ತೋರಿಸಿದ್ಲು, ಎಲ್ಲೋ ಕೋಚಿಂಗಲ್ಲಿ ಕೊಟ್ಟಿದ್ದಂತೆ, ಮೂರು ಕಾಲಮ್ಮಿನ ಟೇಬಲ್ಲು, ಒಂದ್ರಲ್ಲಿ ಭೂಗೋಳ, ಒಂದ್ರಲ್ಲಿ ಆರ್ಥಿಕತೆ, ಒಂದ್ರಲ್ಲಿ ಆಡಳಿತ. "ಅಕ್ಕೋರೆ, ನಾಲ್ಕು ಸಲ ಬಾಯಿಪಾಠ ಮಾಡಿದೆ, ಎರಡು ದಿನಕ್ಕೆ ಎಲ್ಲ ಕಲಸುಮೇಲೋಗರ ಆಗ್ತದೆ" ಅಂದ್ಲು. ತಪ್ಪು ಅವಳದ್ದಲ್ಲ. ದೊಡ್ಡ ರಾಜ್ಯ ಆದ್ರೆ ಆ ಮೂರನ್ನ ಬೇರೆ ಬೇರೆ ಓದಿದ್ರೂ ನಡೀತದೆ, ಆದ್ರೆ 32 ಚದರ ಕಿಲೋಮೀಟರ್ ನೆಲದ ಮೇಲೆ ಆ ಮೂರೂ ಬೇರೆ ಬೇರೆ ಇರೋಕೆ ಜಾಗನೇ ಇಲ್ಲ, ಒಂದನ್ನ ಎಳೆದ್ರೆ ಇನ್ನೊಂದು ಬರ್ತದೆ. ಅವತ್ತು ಶುರು ಮಾಡಿದ ಕ್ರಮವನ್ನೇ ಇಲ್ಲಿ ಬರೀತಾ ಇದ್ದೇನೆ. ಸಣ್ಣ ದ್ವೀಪ ಪ್ರದೇಶ ಯಾವ್ದನ್ನ ಓದೋದಿದ್ರೂ ಇದು ನಡೀತದೆ, ಆದ್ರೆ ನಮಗೆ ಹತ್ತಿರದ್ದು, ಪರೀಕ್ಷೆಗೂ ಬರೋದು ಲಕ್ಷದ್ವೀಪ, ಹಾಗಾಗಿ ಅದನ್ನೇ ಹಿಡ್ಕೊಳ್ತೇನೆ.

ಮೊದಲು ಅಟ್ಲಾಸ್ ತೆಗೀರಿ. ಮೊಬೈಲ್ ಮ್ಯಾಪ್ ಬೇಡ, ಅದರಲ್ಲಿ ಝೂಮ್ ಮಾಡಿದಷ್ಟೂ ದ್ವೀಪ ದೊಡ್ಡದು ಅನಿಸಿಬಿಡ್ತದೆ. ಶಾಲೆ ಅಟ್ಲಾಸಲ್ಲಿ ಕಾರವಾರದ ಮೇಲೆ ಪೆನ್ಸಿಲ್ ಇಡಿ, ನಾವಿರೋದು 14 ಡಿಗ್ರಿ ದಾಟಿ ಹೆಚ್ಚುಕಮ್ಮಿ 15ರ ಹತ್ರ. ಅಲ್ಲಿಂದ ಕೆಳಗೆ ಮೂರು ಡಿಗ್ರಿ ಇಳೀರಿ, ಸ್ವಲ್ಪ ಪಡುವಣಕ್ಕೆ ಸರೀರಿ, ಚೆಟ್ಲಾಟ್, ಬಿತ್ರಾ ಅನ್ನೋ ಉತ್ತರದ ದ್ವೀಪಗಳು ಸಿಗ್ತವೆ. ಅಕ್ಷಾಂಶದ ಒಂದು ಡಿಗ್ರಿ ಅಂದ್ರೆ ಸುಮಾರು 111 ಕಿಲೋಮೀಟರ್, ಲೆಕ್ಕ ನೀವೇ ಹಾಕಿ. ಇನ್ನೂ ಕೆಳಗೆ ಇಳಿದ್ರೆ ಕವರತ್ತಿ, ಅಗತ್ತಿ, ಆಂಡ್ರೋಟ್, ಕಲ್ಪೇನಿ, ಆಮೇಲೆ ದೊಡ್ಡದೊಂದು ಖಾಲಿ ನೀರು, ಅದೇ ಒಂಬತ್ತು ಡಿಗ್ರಿ ಕಾಲುವೆ, ಅದರ ಆಚೆ ಒಂಟಿಯಾಗಿ ಮಿನಿಕಾಯ್, ಅದರ ಕೆಳಗೆ ಎಂಟು ಡಿಗ್ರಿ ಕಾಲುವೆ, ಅದನ್ನ ದಾಟಿದ್ರೆ ಮಾಲ್ಡೀವ್ಸ್. ಹತ್ತು ಡಿಗ್ರಿ ಕಾಲುವೆ ಇಲ್ಲಿದ್ದಲ್ಲ, ಅದು ಅಂಡಮಾನಿಗೂ ನಿಕೋಬಾರಿಗೂ ನಡುವೆ ಇರೋದು, ಇದೊಂದನ್ನ ಮಕ್ಕಳು ಪ್ರತಿ ಸಲ ತಪ್ಪು ಮಾಡ್ತಾರೆ.

ಈ ನಕ್ಷೆಯನ್ನ ನೋಡಿ ಬರೆಯೋದಲ್ಲ, ಪುಸ್ತಕ ಮುಚ್ಚಿಟ್ಟು ಮೂರು ಸಲ ಕೈಯಲ್ಲಿ ಬರೀಬೇಕು. ಮಿನಿಕಾಯ್ ದೂರ ಇದೆ ಅಂತ ಕೈಗೆ ಗೊತ್ತಾದ್ರೆ, ಉಳಿದ ದ್ವೀಪದವರು ಮಲಯಾಳಂನ ಒಂದು ಬಗೆಯಾದ ಜೆಸೆರಿ ಮಾತಾಡ್ತಾರೆ, ಮಿನಿಕಾಯಿನವರು ಮಾತ್ರ ಮಾಲ್ಡೀವ್ಸಿನ ದಿವೇಹಿಗೆ ಸೇರಿದ ಮಹಲ್ ಮಾತಾಡ್ತಾರೆ, ಅದನ್ನ ಬಲದಿಂದ ಎಡಕ್ಕೆ ಥಾನಾ ಲಿಪಿಯಲ್ಲಿ ಬರೀತಾರೆ ಅನ್ನೋದು ತಾನಾಗಿ ನೆನಪಿರ್ತದೆ.

ಒಟ್ಟು ದ್ವೀಪ 36 ಅಂತ ಬರೀತೀವಿ, ಜನ ಇರೋದು ಹತ್ತರಲ್ಲಿ. ಬಂಗಾರಂ ಹತ್ರದ ಪರಳಿ 1 ಅನ್ನೋ ಸಣ್ಣ ದ್ವೀಪ ಕೊರೆದು ಕೊರೆದು ಪೂರ್ತಿ ನೀರಿಗೆ ಹೋಗಿದೆ ಅಂತ 2017ರಲ್ಲಿ ವರದಿ ಆಯ್ತು, ಹಾಗಾಗಿ ಕೆಲವು ಕಡೆ 35 ಅಂತ ನೋಡಿದ್ರೆ ಗಾಬರಿ ಬೇಡ. 2011ರ ಜನಗಣತಿಯಲ್ಲಿ ಜನ ಸುಮಾರು 64 ಸಾವಿರ. 64 ಸಾವಿರವನ್ನ 32ರಿಂದ ಭಾಗಿಸಿ, ಒಂದು ಚದರ ಕಿಲೋಮೀಟರಿಗೆ ಎರಡು ಸಾವಿರ ಜನ. ನಮ್ಮ ಉತ್ತರ ಕನ್ನಡದಲ್ಲಿ ಅದೇ ಗಣತಿಯಲ್ಲಿ 140. ನಮ್ಮ ಜಿಲ್ಲೆ 10 ಸಾವಿರ ಚದರ ಕಿಲೋಮೀಟರಿಗೂ ಮೇಲೆ, ಅದರೊಳಗೆ ಇಡೀ ಲಕ್ಷದ್ವೀಪ 300 ಸಲ ಹಿಡಿಸ್ತದೆ. ಈ ಹೋಲಿಕೆ ಯಾವ ಗೈಡಿನಲ್ಲೂ ಇರೋದಿಲ್ಲ, ನಿಮ್ಮ ಜಿಲ್ಲೆ ಲೆಕ್ಕವನ್ನ ನೀವೇ ಪಕ್ಕದಲ್ಲಿ ಬರ್ಕೊಳ್ಳಿ, ಯಾಕಂದ್ರೆ ಗೊತ್ತಿರೋ ಜಾಗದ ಪಕ್ಕ ಇಟ್ಟ ಅಂಕಿ ಮರೆಯೋದಿಲ್ಲ.

ಈಗ ಬಾವಿ. ನನ್ನ ಪ್ರಕಾರ ದ್ವೀಪ ಓದೋರು ನಿಲ್ಲಬೇಕಾದ ಜಾಗ ಇದು, ಇಲ್ಲಿ ಒಂದು ಸಂಜೆ ಪೂರ್ತಿ ಹೋದ್ರೂ ಪರ್ವಾಗಿಲ್ಲ.

ಅಲ್ಲಿ ಹೊಳೆ ಇಲ್ಲ, ಗುಡ್ಡ ಇಲ್ಲ, ಹಳ್ಳ ಇಲ್ಲ. ನೆಲ ಸಮುದ್ರಕ್ಕಿಂತ ಎತ್ತರ ಇರೋದೇ ಒಂದೆರಡು ಮೀಟರ್. ಮಣ್ಣು ಅಂದ್ರೆ ಹವಳ ಪುಡಿಯಾದ ಬಿಳಿ ಮರಳು, ನೀರು ಸುರಿದ್ರೆ ಜರಡಿ ಹಾಗೆ ಒಳಗಿಳೀತದೆ. ಹಾಗಾದ್ರೆ ಆ ಜನ ನೂರಾರು ವರ್ಷ ಏನು ಕುಡಿದ್ರು? ಜಗಲಿ ಮಕ್ಕಳಿಗೆ ನಾನು ಇದನ್ನ ಗ್ಲಾಸಲ್ಲಿ ಮಾಡಿ ತೋರಿಸ್ತೇನೆ. ಒಂದು ಉದ್ದದ ಗಾಜಿನ ಲೋಟದಲ್ಲಿ ಅರ್ಧ ನೀರು, ಅದಕ್ಕೆ ಒಂದೂವರೆ ಚಮಚ ಉಪ್ಪು ಹಾಕಿ ಕರಗಿಸಿ, ಬಣ್ಣಕ್ಕೆ ಮುರುಗಲು ಸಿಪ್ಪೆ ನೆನೆಸಿದ ಕೆಂಪು ನೀರು ಸ್ವಲ್ಪ ಬೆರೆಸಬೇಕು. ಅದು ಸಮುದ್ರ. ಆಮೇಲೆ ಒಂದು ಚಮಚವನ್ನ ಕವಚಿ ಹಿಡಿದು ಅದರ ಬೆನ್ನಿನ ಮೇಲೆ ಸಾದಾ ನೀರನ್ನ ಹನಿ ಹನಿಯಾಗಿ ಬಿಡಬೇಕು, ಅವಸರ ಮಾಡಿದ್ರೆ ಕೆಡ್ತದೆ. ಸಾದಾ ನೀರು ಕೆಂಪು ನೀರಿನ ಮೇಲೆ ಕೂತ್ಕೊಳ್ತದೆ, ನಡುವೆ ಗೆರೆ ಎಳೆದ ಹಾಗೆ ಕಾಣ್ತದೆ. ಮಳೆ ನೀರು ದ್ವೀಪದ ಮರಳಲ್ಲಿ ಇಳಿದು ಉಪ್ಪು ನೀರಿನ ಮೇಲೆ ತೇಲೋದು ಹೀಗೇನೇ. ಈಗ ಒಂದು ಸ್ಟ್ರಾ ತಗೊಂಡು ಮೇಲ್ಗಡೆ ನೀರನ್ನಷ್ಟೇ ನಿಧಾನ ಹೀರಿದ್ರೆ ಸಿಹಿ ನೀರು, ಅದೇ ಸ್ಟ್ರಾವನ್ನ ಒಂದಿಂಚು ಕೆಳಗಿಳಿಸಿ ಜೋರಾಗಿ ಎಳೆದ್ರೆ ಕೆಂಪು ಬಂದುಬಿಡ್ತದೆ, ಬಾಯೆಲ್ಲ ಉಪ್ಪು. ಹೋದ ವರ್ಷ ಒಬ್ಬ ಹುಡುಗ ಉಗುಳಿ ಬಂದು "ಅಕ್ಕೋರೆ, ಅಲ್ಲಿ ಪಂಪ್‌ಸೆಟ್ ಇಟ್ರೆ ಕತೆ ಮುಗೀತು" ಅಂದ. ಆ ಒಂದು ಮಾತಲ್ಲಿ ಅರ್ಧ ಪಾಠ ಮುಗಿದಿತ್ತು.

ಇದರ ಲೆಕ್ಕಕ್ಕೆ ಘೈಬೆನ್-ಹರ್ಜ್‌ಬರ್ಗ್ ನಿಯಮ ಅಂತ ಹೆಸರು. ಸಮುದ್ರದ ನೀರು ಸಿಹಿ ನೀರಿಗಿಂತ ನಲ್ವತ್ತರಲ್ಲಿ ಒಂದು ಪಾಲು ಭಾರ, ಹಾಗಾಗಿ ಸಮುದ್ರ ಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿ ನೀರು ನಿಂತಿದ್ರೆ ಕೆಳಗೆ ಸುಮಾರು 40 ಅಡಿ ಸಿಹಿ ನೀರು ಇರ್ತದೆ, ಅಂದ್ರೆ ಮೇಲಿನ ಒಂದಡಿ ಖಾಲಿ ಮಾಡಿದ್ರೆ ಕೆಳಗಿಂದ ಉಪ್ಪು ಅಷ್ಟೇ ಲೆಕ್ಕದಲ್ಲಿ ಏರ್ತದೆ. ನಮ್ಮ ಕಡಲ ಬದಿ ಮನೆಯವರಿಗೆ ಇದು ಹೊಸದಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಬಾವಿ ನೀರು ಚಪ್ಪೆ ಹೋಗಿ ಉಪ್ಪು ಹತ್ತೋದನ್ನ ನೋಡಿದ್ದೇವೆ, ಆದ್ರೆ ನಮಗೆ ಹಿಂದುಗಡೆ ಘಟ್ಟ ಇದೆ, ಕಾಳಿ ಇದೆ, ಗಂಗಾವಳಿ ಇದೆ. ಅವರಿಗೆ ಹಿಂದುಗಡೆಯೂ ಸಮುದ್ರ.

ಇಲ್ಲಿಂದ ಹೊಸ ವಿಷಯ ತಾನಾಗಿ ಬಿಚ್ಚಿಕೊಳ್ತದೆ. 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನ ಸಿಹಿ ಮಾಡೋ ಘಟಕ ಶುರುವಾಯ್ತು, ದಿನಕ್ಕೆ ಒಂದು ಲಕ್ಷ ಲೀಟರ್, ಕಟ್ಟಿದ್ದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, 2011ರಲ್ಲಿ ಮಿನಿಕಾಯ್ ಮತ್ತೆ ಅಗತ್ತಿಗೂ ಬಂತು. ಮೇಲಿನ ಬೆಚ್ಚಗಿನ ನೀರನ್ನ ಕಮ್ಮಿ ಒತ್ತಡದಲ್ಲಿ ಆವಿ ಮಾಡಿ, ಸುಮಾರು 350 ಮೀಟರ್ ಆಳದಿಂದ ತಂದ ತಣ್ಣನೆ ನೀರಿಂದ ಆ ಆವಿಯನ್ನ ತಂಪು ಮಾಡಿ ಸಿಹಿ ನೀರು ಹಿಡಿಯೋದು. ಕಾರವಾರದಲ್ಲಿ ಯಾಕೆ ಇದನ್ನ ಮಾಡೋದಿಲ್ಲ ಅಂತ ಕೇಳಿ ನೋಡಿ. ನಮ್ಮಲ್ಲಿ ಅಷ್ಟು ಆಳ ಬೇಕಂದ್ರೆ ದಡದಿಂದ ಬಹಳ ದೂರ ಹೋಗ್ಬೇಕು, ದ್ವೀಪದಲ್ಲಿ ಹವಳದ ಗೋಡೆ ದಾಟಿದ ಕೂಡ್ಲೆ ಸಮುದ್ರ ಪ್ರಪಾತದ ಹಾಗೆ ಇಳೀತದೆ. ಅದ್ಯಾಕೆ ಅಂದ್ರೆ ಅದು ಕಡಲ ತಳದಿಂದ ಎದ್ದ ಬೆಟ್ಟಸಾಲಿನ ತಲೆ, ಹಳೇ ಜ್ವಾಲಾಮುಖಿ ಬೆಟ್ಟ ನಿಧಾನ ಕುಸೀತಾ ಹೋದ ಹಾಗೆ ಹವಳ ಮೇಲೆ ಮೇಲೆ ಬೆಳೆದು ಉಂಗುರದ ಆಕಾರ ಆಗಿದ್ದು. ಇದೇ ಹವಳದ ಉಂಗುರ, ಅಟಾಲ್. ಉಂಗುರದ ಒಳಗಿನ ತಿಳಿ ನೀರು ಲಗೂನು. ಹೆಚ್ಚಿನ ದ್ವೀಪಗಳಲ್ಲಿ ನೆಲ ಇರೋದು ಮೂಡಣ ಬದಿಗೆ, ಲಗೂನು ಪಡುವಣ ಬದಿಗೆ. ಆಂಡ್ರೋಟ್ ಮಾತ್ರ ಬೇರೆ, ಅದು ಮೂಡಣ-ಪಡುವಣ ಉದ್ದಕ್ಕೆ ಮಲಗಿದೆ, ಅದಕ್ಕೆ ಲಗೂನೂ ಇಲ್ಲ, ಆದ್ರೆ ಜನ ಇರೋ ದ್ವೀಪಗಳಲ್ಲಿ ಅದೇ ದೊಡ್ಡದು, 4.9 ಚದರ ಕಿಲೋಮೀಟರ್. ಸಣ್ಣದು ಬಿತ್ರಾ, 0.1 ಚದರ ಕಿಲೋಮೀಟರ್ ಅಷ್ಟೆ.

ನೀರು ಅರ್ಥ ಆದ್ರೆ ಆರ್ಥಿಕತೆಯನ್ನ ಬಾಯಿಪಾಠ ಮಾಡೋದೇ ಬೇಡ. ಆ ಮರಳಲ್ಲಿ ಏನು ಬೆಳೀತದೆ? ತೆಂಗು. ಭತ್ತ ಬೆಳೆಯೋಕೆ ಗದ್ದೆ ಇಲ್ಲ. ಹಾಗಾಗಿ ಕೊಬ್ಬರಿ, ನಾರು, ಹಗ್ಗ, ತೆಂಗಿನ ಬೆಲ್ಲ, ವಿನೆಗರ್. ಕುಮಟೆ, ಅಂಕೋಲೆ ಬದಿ ಹುಟ್ಟಿದವರಿಗೆ ಸಿಪ್ಪೆಯನ್ನ ನೀರಲ್ಲಿ ಕೊಳೆಹಾಕಿ, ಬಡಿದು, ಹೊಸೆದು ಹುರಿ ಮಾಡೋದನ್ನ ಬಿಡಿಸಿ ಹೇಳೋದೇನಿಲ್ಲ. ಒಂದು ಕಾಲದಲ್ಲಿ ದ್ವೀಪದ ಹೆಂಗಸರ ಕೈಯಲ್ಲಿ ಹೊಸೆದ ಆ ಹುರಿಯೇ ಅಕ್ಕಿಗೆ ಬದಲಾಗಿ ಹೋಗ್ತಿತ್ತು, ಅದರ ವಿಷಯ ಮುಂದೆ ಬರ್ತದೆ.

ಎರಡನೇದು ಟ್ಯೂನಾ. ಇಲ್ಲಿ ನಮ್ಮ ಮಕ್ಕಳು ದೊಡ್ಡ ಬಲೆ ಹಾಕೋ ಪರ್ಸಿನ್ ಬೋಟು, ಟ್ರಾಲ್ ಬೋಟು ಅಂತ ಬರೆದುಬಿಡ್ತಾರೆ, ಮನೆಯಲ್ಲಿ ನೋಡಿದ್ದು ಅದೇ ಅಲ್ವಾ. ಅಲ್ಲಿ ಮಿನಿಕಾಯಿಂದ ಬಂದ ಪದ್ಧತಿ ಬೇರೆ. ಮೊದಲು ಲಗೂನಲ್ಲಿ ಸಣ್ಣ ಮೀನನ್ನ ಜೀವ ಸಹಿತ ಹಿಡಿದು ದೋಣಿಯೊಳಗಿನ ನೀರಲ್ಲಿ ಇಟ್ಕೊಳ್ತಾರೆ, ಹೊರಸಮುದ್ರಕ್ಕೆ ಹೋಗಿ ಟ್ಯೂನಾ ಗುಂಪು ಕಂಡ ಕೂಡ್ಲೆ ಆ ಸಣ್ಣ ಮೀನು ಎರಚಿ, ನೀರು ಚಿಮ್ಮಿಸಿ, ಸಾಲಾಗಿ ನಿಂತು ಗಳದ ಗಾಳದಿಂದ ಒಂದೊಂದೇ ಮೀನನ್ನ ಎತ್ತಿ ದೋಣಿಗೆ ಹಾಕ್ತಾರೆ. ಬಲೆ ಇಲ್ಲ, ಬೇರೆ ಮೀನು, ಆಮೆ ಅದರಲ್ಲಿ ಸಿಕ್ಕಿ ಸಾಯೋದು ಬಹಳ ಕಮ್ಮಿ. ಹಿಡಿದ ಟ್ಯೂನಾವನ್ನ ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಒಣಗಿಸಿ ಕಟ್ಟಿಗೆ ಹಾಗೆ ಗಟ್ಟಿ ಮಾಡಿದ್ರೆ ಅದು ಮಾಸ್‌ಮಿನ್, ತಿಂಗಳುಗಟ್ಟಲೆ ಕೆಡೋದಿಲ್ಲ. ಐಸ್ ಪ್ಲಾಂಟ್ ಇಲ್ಲದ ಕಾಲದಲ್ಲಿ ದೂರದ ಮಾರ್ಕೆಟಿಗೆ ಮೀನು ಮುಟ್ಟಿಸೋಕೆ ಅದೇ ದಾರಿ. ಲಗೂನು ಹಾಳಾದ್ರೆ ಸಣ್ಣ ಮೀನಿಲ್ಲ, ಸಣ್ಣ ಮೀನಿಲ್ಲ ಅಂದ್ರೆ ಟ್ಯೂನಾ ಇಲ್ಲ. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿನ ಹವಳ ಬೆಳ್ಳಗಾಯ್ತು ಅಂತ ಓದಿದಾಗ ಅದನ್ನ ಪರಿಸರ ಚಾಪ್ಟರಿಗೆ ಮಾತ್ರ ತಳ್ಳಬೇಡಿ, ಅದು ಮೀನುಗಾರನ ಊಟದ ಸುದ್ದಿನೂ ಹೌದು. ಹವಳ ಸತ್ತರೆ ಅಲೆಗೆ ತಡೆ ಇಲ್ಲ, ತಡೆ ಇಲ್ಲ ಅಂದ್ರೆ ದಡ ಕೊರೀತದೆ, ಬಾವಿಗೆ ಉಪ್ಪು ಬರ್ತದೆ. ಮತ್ತೆ ಗ್ಲಾಸಿಗೇ ಬಂದ್ವಿ.

ಟೂರಿಸಂ ಬಗ್ಗೆ ಚುಟುಕಾಗಿ ಬರೆದ್ರೆ ಸಾಕು, ಬಂಗಾರಂ, ಕಡಮತ್, ಅಗತ್ತಿ, ಕವರತ್ತಿ. ಎಷ್ಟು ಜನ ಬರಬಹುದು ಅನ್ನೋದನ್ನ ತೀರ್ಮಾನ ಮಾಡೋದು ಕೊನೆಗೆ ಕುಡಿಯೋ ನೀರು, ಕಸ, ಹಡಗಿನ ಸೀಟು. ಇನ್ನೊಂದು, ಅಲ್ಲಿ ದೊಡ್ಡ ಉದ್ಯೋಗದಾತ ಸರ್ಕಾರವೇ, ಇದನ್ನ ಉತ್ತರದಲ್ಲಿ ಬರೆಯೋರು ಕಮ್ಮಿ, ಬರೀರಿ.

ಮೂರನೇ ಹೆಜ್ಜೆ ಹಡಗು. ದ್ವೀಪದವರ ಅಡುಗೆಮನೆಗೆ ಅಕ್ಕಿ, ಬೇಳೆ, ತರಕಾರಿ, ಗ್ಯಾಸು, ಜನರೇಟರಿಗೆ ಡೀಸೆಲ್, ಮನೆ ಕಟ್ಟೋಕೆ ಸಿಮೆಂಟು, ಜಲ್ಲಿ ಎಲ್ಲ ನೀರಿನ ಮೇಲೇ ಬರಬೇಕು. ಜನ ಓಡಾಡೋ ಹಡಗು ಮುಖ್ಯವಾಗಿ ಕೊಚ್ಚಿಯಿಂದ, 14ರಿಂದ 18 ಗಂಟೆ. ಸಾಮಾನಿನ ವಿಷಯಕ್ಕೆ ಬಂದ್ರೆ ನಮ್ಮ ಮಂಗಳೂರು ಹಳೇ ಬಂದರಿಂದ ಮಂಜಿಗಳು, ಅಂದ್ರೆ ಸಾಮಾನು ಸಾಗಿಸೋ ಮರದ ಹಡಗುಗಳು, ತರಕಾರಿ, ಕಲ್ಲು, ಸಿಮೆಂಟು ತುಂಬ್ಕೊಂಡು ಹೋಗ್ತವೆ. ವಿಮಾನ ನಿಲ್ದಾಣ ಅಗತ್ತಿಯಲ್ಲಿ ಒಂದೇ, 1988ರಿಂದ. ಮಳೆಗಾಲದಲ್ಲಿ ಏನಾಗ್ತದೆ ಅಂತ ನಮ್ಮ ಮಕ್ಕಳಿಗೆ ಅರ್ಥ ಆಗೋದು ಸುಲಭ, ಜೂನ್ 1ರಿಂದ ಜುಲೈ 31ರ ತನಕ ಬೋಟು ದಡಕ್ಕೆ ಎಳೆದಿಟ್ಟು ಮನೆಯವರು ಕೈಕಟ್ಟಿ ಕೂತಿರೋದನ್ನ ನೋಡಿದ್ದಾರೆ. ಅಲ್ಲಿ ಮೀನಷ್ಟೇ ಅಲ್ಲ, ಊರಿಗೆ ಊರೇ ಕಾಯ್ತದೆ. ಹಲವು ದ್ವೀಪಗಳಲ್ಲಿ ಹಡಗು ಹವಳದ ಹೊರಗೇ ನಿಂತು, ಜನ ಸಣ್ಣ ದೋಣಿಗೆ ಇಳೀಬೇಕು, ಅಲೆ ಜೋರಿದ್ರೆ ಅದೂ ಆಗೋದಿಲ್ಲ. ಬಾಣಂತಿಗೆ ತೊಂದರೆ ಆದ್ರೆ ಹೆಲಿಕಾಪ್ಟರ್ ಕಾಯಬೇಕು. ನಮ್ಮ ಜಿಲ್ಲೆಯಿಂದ ಸೀರಿಯಸ್ ಪೇಶಂಟನ್ನ ಗೋವಾಕ್ಕೋ ಮಂಗಳೂರಿಗೋ ಮಣಿಪಾಲಕ್ಕೋ ಓಡಿಸೋ ಪಾಡು ಗೊತ್ತಿರೋ ನಮಗೆ ಈ ಸಾಲು ಬರೆಯುವಾಗ ಕೈ ಒಂದು ಕ್ಷಣ ನಿಲ್ತದೆ.

ಇಂಟರ್ನೆಟ್ಟೂ ಹೀಗೇ. ಮೊದಲು ಪೂರ್ತಿ ಸ್ಯಾಟಲೈಟ್ ನಂಬಿಕೊಂಡಿದ್ರು, ಕೊಚ್ಚಿಯಿಂದ ಸಮುದ್ರದಡಿ ಎಳೆದ ಆಪ್ಟಿಕಲ್ ಫೈಬರ್ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆ ಆಯ್ತು.

ಈಗ ಸರ್ಕಾರ. ನಾಲ್ಕೇ ಪ್ರಶ್ನೆ ಕೇಳಿ: ಕಾನೂನು ಯಾರು ಮಾಡ್ತಾರೆ, ಆದೇಶ ಯಾರು ಹಾಕ್ತಾರೆ, ನ್ಯಾಯ ಎಲ್ಲಿ, ಜನರ ಮಾತು ಯಾರ ಬಾಯಲ್ಲಿ. ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ, ಮುಖ್ಯಮಂತ್ರಿ ಇಲ್ಲ, ಅವೆರಡೂ ಇರೋ ಪುದುಚೇರಿ ಜೊತೆ ಕನ್ಫ್ಯೂಸ್ ಮಾಡ್ಕೋಬೇಡಿ. ಕಾನೂನು ಸಂಸತ್ತಿಂದು, ಜೊತೆಗೆ ಸಂವಿಧಾನದ 240ನೇ ವಿಧಿ ಪ್ರಕಾರ ರಾಷ್ಟ್ರಪತಿ ರೆಗ್ಯುಲೇಶನ್ ಹೊರಡಿಸಬಹುದು, ಅದಕ್ಕೆ ಕಾನೂನಿನದ್ದೇ ಬಲ. ಆದೇಶ ಹಾಕೋರು 239ನೇ ವಿಧಿಯಡಿ ರಾಷ್ಟ್ರಪತಿ ನೇಮಿಸೋ ಅಡ್ಮಿನಿಸ್ಟ್ರೇಟರ್, ಲೆಫ್ಟಿನೆಂಟ್ ಗವರ್ನರ್ ಅಲ್ಲ. ನ್ಯಾಯಕ್ಕೆ ಕೇರಳ ಹೈಕೋರ್ಟ್. ಜನರ ಬಾಯಿ ಅಂದ್ರೆ ಲೋಕಸಭೆಯ ಒಂದೇ ಸೀಟು, ಪರಿಶಿಷ್ಟ ಪಂಗಡಕ್ಕೆ ಮೀಸಲು, ರಾಜ್ಯಸಭೆಯಲ್ಲಿ ಸೀಟಿಲ್ಲ. 2024ರಲ್ಲಿ ಅಲ್ಲಿನ ಮತದಾರರು ಸುಮಾರು 57 ಸಾವಿರ, ನಮ್ಮ ಉತ್ತರ ಕನ್ನಡ ಕ್ಷೇತ್ರದಲ್ಲಿ 16 ಲಕ್ಷ ದಾಟಿತ್ತು. ಪಿ.ಎಂ. ಸಯೀದ್ ಅನ್ನೋರು 1967ರಿಂದ ಸತತ ಹತ್ತು ಸಲ ಅಲ್ಲಿಂದ ಗೆದ್ದಿದ್ರು. ಊರಿನ ಮಟ್ಟಕ್ಕೆ 1994ರ ಪಂಚಾಯತ್ ರೆಗ್ಯುಲೇಶನ್ನಲ್ಲಿ ಹತ್ತು ದ್ವೀಪ ಪಂಚಾಯತ್, ಮೇಲೊಂದು ಜಿಲ್ಲಾ ಪಂಚಾಯತ್ ಅಂತ ವ್ಯವಸ್ಥೆ ಮಾಡಿದ್ರು, ನಡುವೆ ತಾಲೂಕು ಪಂಚಾಯತ್ ಇಲ್ಲ. ಪಿಡಿಓಗೆ ಓದೋರು ಇದಕ್ಕೆ ಅಂಡರ್‌ಲೈನ್ ಹಾಕಿ, 20 ಲಕ್ಷ ಮೀರದ ಜನಸಂಖ್ಯೆ ಇದ್ರೆ ನಡುವಿನ ಹಂತ ಬಿಡಬಹುದು ಅಂತ ಸಂವಿಧಾನದಲ್ಲೇ ಇದೆ.

240ನೇ ವಿಧಿಯನ್ನ ನಂಬರಾಗಿ ಓದಬೇಡಿ. 2021ರಲ್ಲಿ ಭೂಮಿ, ಅಭಿವೃದ್ಧಿ ಪ್ರಾಧಿಕಾರದ ಬಗ್ಗೆ ಕರಡು ರೆಗ್ಯುಲೇಶನ್ ಬಂದಾಗ ದ್ವೀಪದವರು ಮನೆ ಮನೆಯಲ್ಲಿ ಉಪವಾಸ ಕೂತು ವಿರೋಧ ಮಾಡಿದ್ರು, ಯಾಕಂದ್ರೆ ಅದನ್ನ ಎದ್ದುನಿಂತು ಚರ್ಚೆ ಮಾಡೋಕೆ ಅವರದ್ದೇ ಅಂತ ಒಂದು ವಿಧಾನಸಭೆ ಇಲ್ಲ. ನೆಲ ಕಮ್ಮಿ ಇರೋ ಕಡೆ ನೆಲದ ಕಾನೂನು ಅಂದ್ರೆ ಜೀವದ ಪ್ರಶ್ನೆ. ನಮ್ಮಲ್ಲೂ ಸೀಬರ್ಡ್ ನೌಕಾನೆಲೆಗೆ, ಕೈಗಾ ಅಣುಸ್ಥಾವರಕ್ಕೆ ಜಾಗ ಬಿಟ್ಟುಕೊಟ್ಟ ಮನೆಗಳಿವೆ, ಅವರ ಮಕ್ಕಳು ಇದನ್ನ ಬೇಗ ಹಿಡೀತಾರೆ. ಅಲ್ಲಿಗೆ ಹೋಗೋಕೆ ಭಾರತೀಯರಿಗೂ ಪರ್ಮಿಟ್ ಬೇಕು ಅನ್ನೋ 1967ರ ನಿಯಮವೂ ಇದರ ಜೊತೆಗೇ ಬರ್ತದೆ, ದ್ವೀಪದವರಲ್ಲಿ ನೂರಕ್ಕೆ 94ಕ್ಕೂ ಮೇಲೆ ಪರಿಶಿಷ್ಟ ಪಂಗಡ, ಹೊರಗಿನವರು ತುಂಬಿದ್ರೆ ಆ ನೆಲ, ಆ ಬಾವಿ ತಡ್ಕೊಳ್ಳೋದಿಲ್ಲ.

ಇತಿಹಾಸವನ್ನ ನಾನು ಕೊನೆಗೆ ಹೇಳೋದು ಬೇಕಂತಲೇ, ಯಾಕಂದ್ರೆ ಅದರಲ್ಲಿ ಕನ್ನಡ ನಾಡು ಬರ್ತದೆ, ಆಗ ಮಕ್ಕಳ ಕಿವಿ ನೆಟ್ಟಗಾಗ್ತದೆ. ದ್ವೀಪಗಳನ್ನ ಕಣ್ಣೂರಿನ ಅರಕ್ಕಲ್ ಮನೆತನ ಆಳ್ತಿತ್ತು, ಹುರಿಯ ವ್ಯಾಪಾರ ಅವರ ಮುಷ್ಟಿಯಲ್ಲಿ. 18ನೇ ಶತಮಾನದ ಕೊನೆಗೆ ಅಮಿನಿಯವರು ಆ ಕಾಟ ತಡೀಲಾರದೆ ಟಿಪ್ಪು ಸುಲ್ತಾನನ ಹತ್ರ ಹೋದ್ರು, ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಇಷ್ಟೂ ಟಿಪ್ಪುವಿನ ಕೈಗೆ ಬಂತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಹೋಗಿ, ಅವುಗಳ ಆಡಳಿತ ಮಂಗಳೂರಿಂದ ನಡೀತು, ಅಂದ್ರೆ ಕೆನರಾ ಜಿಲ್ಲೆಗೆ ಸೇರಿತ್ತು! 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತಕ್ಕೆ ಹೋಯ್ತು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳೀತು, ಅಮಿನಿದಿವಿ ಅಂತ ಕರೆಯೋ ಆ ಐದು ದ್ವೀಪಗಳು ಅದರ ಜೊತೆ ಉಳಿದ್ವು. ಆಮೇಲೆ 1956ರ ನವೆಂಬರ್ 1. ಅವತ್ತೇ ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿದ್ದು, ಅವತ್ತೇ ಆ ದ್ವೀಪಗಳು ಎಲ್ಲ ಒಟ್ಟಾಗಿ ಕೇಂದ್ರಾಡಳಿತ ಪ್ರದೇಶ ಆಗಿದ್ದು. ರಾಜ್ಯೋತ್ಸವದ ದಿನ ಬಾವುಟ ಹಾರಿಸುವಾಗ ಇದನ್ನೂ ನೆನಪು ಮಾಡ್ಕೊಂಡ್ರೆ ಆ ತಾರೀಕು ಜನ್ಮಕ್ಕೆ ಮರೆಯೋದಿಲ್ಲ. ಆಡಳಿತದ ಕೇಂದ್ರ ಕಚೇರಿ ಮೊದಲು ಕೋಝಿಕ್ಕೋಡಲ್ಲಿತ್ತು, 1964ರಲ್ಲಿ ಕವರತ್ತಿಗೆ ಬಂತು, ಲಕ್ಷದ್ವೀಪ ಅನ್ನೋ ಹೆಸರು 1973ರ ನವೆಂಬರ್ 1ರಿಂದ.

ಪರೀಕ್ಷೆಯಲ್ಲಿ ಬರೆಯೋದು ಹೇಗೆ ಅಂತ ಕೇಳ್ತೀರಿ. ಹತ್ತು ಮಾರ್ಕಿನ ಪ್ರಶ್ನೆ ಬಂದ್ರೆ ಮೂಲೆಯಲ್ಲಿ ಸಣ್ಣ ನಕ್ಷೆ ಬರೀರಿ, ಮೊದಲ ಪ್ಯಾರಾ ಹವಳ ಮತ್ತೆ ಸಿಹಿ ನೀರಿಂದ ಶುರು ಮಾಡಿ, ಅಲ್ಲಿಂದ "ಆದ್ದರಿಂದ" ಅಂತ ತೆಂಗು-ಟ್ಯೂನಾಗೆ ಬನ್ನಿ, ಮತ್ತೆ "ಆದ್ದರಿಂದ" ಅಂತ ಹಡಗಿಗೆ, ಮತ್ತೊಂದು "ಆದ್ದರಿಂದ" ಹಾಕಿ ಕೇಂದ್ರದ ಆಡಳಿತಕ್ಕೆ. ಒಂದು ಪ್ಯಾರಾದಿಂದ ಇನ್ನೊಂದಕ್ಕೆ ಹೋಗುವಾಗ "ಆದ್ದರಿಂದ" ಕೂರ್ತಾ ಇಲ್ಲ ಅಂದ್ರೆ ನಡುವೆ ಏನೋ ಅರ್ಥ ಆಗಿಲ್ಲ ಅಂತ ಲೆಕ್ಕ, ಹಿಂದೆ ಹೋಗಿ ಓದಿ. ಅಂಕಿ ಆರೇಳು ಸಾಕು.

ಇದಾದ ಮೇಲೆ ನಾನು ಮಕ್ಕಳಿಗೆ ಅಂಜುದೀವ್ ಕೊಡ್ತೇನೆ. ಬಿಣಗಾ ಬದಿಗೆ ನಮ್ಮ ಕಣ್ಣೆದುರೇ ಇರೋ ದ್ವೀಪ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ ಜಾಗ, 1961ರ ಡಿಸೆಂಬರಿನಲ್ಲಿ ಅದನ್ನ ಬಿಡಿಸ್ಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಜನ ಪ್ರಾಣ ಕೊಟ್ರು. ಕಾರವಾರದ ಎದುರಿಗಿದ್ರೂ ಅದು ಗೋವಾ ರಾಜ್ಯಕ್ಕೆ ಸೇರಿದ್ದು, ಈಗ ನೌಕಾನೆಲೆಯ ಕೈಯಲ್ಲಿ. ನೀರು ಎಲ್ಲಿಂದ, ಸಾಮಾನು ಯಾವ ದಾರಿಯಲ್ಲಿ, ಆದೇಶ ಯಾರದ್ದು, ಅದು ಹೀಗಾಗೋಕೆ ಕಾರಣ ಏನು ಅಂತ ಒಂದು ಪುಟ ಬರ್ಕೊಂಡು ಬನ್ನಿ ಅಂತ ಹೇಳಿ ಕಳಿಸ್ತೇನೆ. ಹೋದ ವರ್ಷ ಆ ಟೇಬಲ್ ತಂದಿದ್ದ ಹುಡುಗಿ ಎರಡು ಪುಟ ಬರ್ಕೊಂಡು ಬಂದಿದ್ಲು, ಪುಟದ ಮೇಲ್ಗಡೆ ಅಟ್ಲಾಸ್ ನೋಡದೆ ಬರೆದ ನಕ್ಷೆ, ಅದರ ಪಕ್ಕ ಒಂದು ಸಣ್ಣ ಬಾವಿ.